ಒಳಮೈಯ ಹನಿಗಳು

ಹನಿಯೊಂದು ಬಸ್ಸಿನ ಕಿಟಕಿಯ ಗಾಜಿನ ಮೇಲೆ ಇಳಿಯುತ್ತಿದೆ, ಇಳಿದು ಇನ್ನೊಂದನ್ನು ಮುಟ್ಟಿ ದಪ್ಪಗಾಗಿ ಮತ್ತೆ ಇಳಿಯುತ್ತದೆ, ನಡುವೆ ಎಲ್ಲೋ ನಿಂತುಬಿಡುತ್ತದೆ, ಯಾಕೆ ನಿಂತಿತು, ಅಲ್ಲಿ ಗೀರಿಲ್ಲ, ಜಿಡ್ಡಿಲ್ಲ, ಸುಮ್ಮನೆ ನಿಂತಿದೆ — ರೆನ್ಸ್ಕೆ ಬೆರಳಿನಿಂದ ಮುಟ್ಟಿ ನೋಡುತ್ತಾಳೆ, ಹನಿ ಹೊರಗಿನದಲ್ಲ, ಒಳಗಿನದು, ಬಸ್ಸಿನಲ್ಲಿ ಕೂತ ಹದಿನಾಲ್ಕು ಜನರ ಉಸಿರು, ಹೊರಗೆ ನವೆಂಬರಿನ ಸೋಮವಾರ, ರಸ್ತೆಯ ಎರಡೂ ಕಡೆ ಗಾಜಿನ ಮನೆಗಳು, ಟೊಮೆಟೊ, ದೊಣ್ಣೆಮೆಣಸಿನಕಾಯಿ, ಮತ್ತೆ ಟೊಮೆಟೊ, ಒಳಗೆಲ್ಲ ಹಳದಿ ದೀಪಗಳು ಉರಿಯುತ್ತಿವೆ, ಆ ಗಿಡಗಳಿಗೆ ಚಳಿಗಾಲ ಬಂದದ್ದನ್ನು ಯಾರೂ ಹೇಳಿಲ್ಲ. ಇಂಥ ಹನಿಗಳನ್ನು ಅವಳು ಎಲ್ಲೋ ನೋಡಿದ್ದಾಳೆ, ಇಷ್ಟೇ ಸಣ್ಣವು, ಒಳಮೈಗೆ ಒತ್ತೊತ್ತಾಗಿ ಅಂಟಿಕೊಂಡವು, ಇಪ್ಪತ್ತು ತಿಂಗಳಿಂದ ಬೇಡದ ಹೊತ್ತಿಗೆಲ್ಲ ಕಣ್ಣ ಮುಂದೆ ಬಂದು ನಿಲ್ಲುತ್ತವೆ, ಹಲ್ಲುಜ್ಜುವಾಗ, ಸೈಕಲ್ಲಿಗೆ ಬೀಗ ಹಾಕುವಾಗ, ಯಾರೋ ಎದುರು ಕೂತು ಮಾತಾಡುತ್ತಿರುವಾಗ. ಅಪ್ಪನ ಗಾಜಿನ ಮನೆಯವೇ ಇರಬೇಕು, ಇನ್ನೆಲ್ಲಿಯವು, ಬೆಳಿಗ್ಗೆ ಆರಕ್ಕೆ ಅಪ್ಪ ಮಂಜು ಕಟ್ಟಿದ ಗಾಜಿನ ಮೇಲೆ ಬೆರಳಿನಿಂದ ಅವಳ ಹೆಸರು ಬರೆಯುತ್ತಿದ್ದ, ಮೊದಲನೆಯ ಅಕ್ಷರದ ಕಾಲಿನಿಂದ ನೀರು ಸೋರುತ್ತಿತ್ತು, ಅವಳು ನಗುತ್ತಿದ್ದಳು. ಆದರೆ ಕಣ್ಣ ಮುಂದೆ ಬರುವ ಹನಿಗಳಲ್ಲಿ ನೀಲಿ ಇದೆ, ಪ್ರತಿ ಹನಿಯ ಅಂಚಿನಲ್ಲೂ ಒಂದು ಚೂರು ನೀಲಿ, ಅಪ್ಪನ ದೀಪಗಳು ಹಳದಿ. ಬೆಳಗಿನ ಆಕಾಶದ ನೀಲಿ ಇರಬಹುದು. ಇರಲಿ. ಅಪ್ಪ ಸತ್ತದ್ದು ಹೋದ ವರ್ಷದ ಮಾರ್ಚಿನಲ್ಲಿ, ಏಳನೆಯ ಸಾಲಿನಲ್ಲಿ, ಟೊಮೆಟೊ ಕೀಳುವ ಗಾಡಿಯ ಮೇಲೆ ನಿಂತಿದ್ದವನು ಹಾಗೇ ಕುಸಿದ, ಮಣ್ಣು ಮಾಡಿದ್ದು ಗುರುವಾರ, ಸೋಮವಾರ ಬೆಳಿಗ್ಗೆ ಎಂಟೂವರೆಗೆ ರೆನ್ಸ್ಕೆ ಲ್ಯಾಬಿನಲ್ಲಿದ್ದಳು. ಪ್ರೊಫೆಸರ್ ದೀದರಿಕ್ ಅವಳನ್ನು ನೋಡಿ ಕಾಫಿ ಲೋಟ ಹಿಡಿದುಕೊಂಡೇ ನಿಂತುಬಿಟ್ಟಿದ್ದನಂತೆ, ಮನೆಗೆ ಹೋಗು ರೆನ್ಸ್ಕೆ, ಒಂದು ವಾರ ಕೂತ್ಕೋ. ಕೆಲಸ ಮಾಡಿದ್ರೇ ಹಗುರ ಅನ್ನಿಸುತ್ತೆ ಎಂದಳಂತೆ ಅವಳು. ಈ ದೇಶದಲ್ಲಿ ಹಾಗೆ ಹೇಳಿದವರನ್ನು ಯಾರೂ ಮತ್ತೆ ಕೇಳುವುದಿಲ್ಲ, ಒಮ್ಮೆ ಹೇಳಿದ್ದನ್ನು ನಂಬುತ್ತಾರೆ.

ನಿನ್ನೆ ಇಡೀ ಭಾನುವಾರ ಅಮ್ಮನ ಮನೆಯಲ್ಲಿ ಕೂತಿದ್ದಳು, ಕೂತಿದ್ದಳು ಎಂದರೆ ಕೂತೇ ಇದ್ದಳು, ಹತ್ತೂವರೆಗೆ ಕಾಫಿ, ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ, ಒಂದು ತೆಗೆದುಕೊಂಡ ಕೂಡಲೇ ಅಮ್ಮ ಟಪ್ಪೆಂದು ಮುಚ್ಚಳ ಹಾಕಿ ಡಬ್ಬಿಯನ್ನು ಕಪಾಟಿಗೆ ಸೇರಿಸುತ್ತಾಳೆ, ಎರಡನೆಯದನ್ನು ಕೇಳಿದ ಗಂಡಸಾಗಲಿ ಹೆಂಗಸಾಗಲಿ ಆ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಹಿತ್ತಲ ಬಾಗಿಲ ಬಳಿ ಅಪ್ಪನ ಮರದ ಬೂಟುಗಳು ಇನ್ನೂ ಇವೆ, ಮೂತಿ ಗೋಡೆಗೆ ತಾಗಿಸಿಕೊಂಡು, ಅಮ್ಮ ದಿನಾ ಅವುಗಳ ಸುತ್ತ ಗುಡಿಸುತ್ತಾಳೆ, ಎತ್ತುವುದಿಲ್ಲ. ಯಾಕೇ ಹೀಗೆ ಕೂತಿದೀಯ, ಗರ ಬಡಿದವಳ ಥರ ಎಂದಳು ಅಮ್ಮ. ಏನಿಲ್ಲಮ್ಮ, ಕೆಲಸ ಜಾಸ್ತಿ. ಕೆಲಸ ಜಾಸ್ತಿ ಅಂತ ನಿಮ್ಮಪ್ಪಾನೂ ಹೇಳ್ತಿದ್ದ ಎಂದು ಅಮ್ಮ ಲೋಟ ತೊಳೆಯಲು ಎದ್ದಳು, ಅಷ್ಟೇ, ಅಮ್ಮನಿಗೆ ಹೇಳುವುದಾದರೂ ಹೇಗೆ, ಶುಕ್ರವಾರ ಸಂಜೆ ಫ್ರೀಜರ್ ಖಾಲಿ ಮಾಡುತ್ತಿದ್ದೆ ಅಮ್ಮ, ಡಿಸೆಂಬರಿಗೆ ನನ್ನ ಒಪ್ಪಂದ ಮುಗಿಯುತ್ತಲ್ಲ, ಹೋದ ವರ್ಷ ನಾನೇ ನೇರಳಾತೀತ ದೀಪದಲ್ಲಿ ಸುಟ್ಟು ತಯಾರಿಸಿದ ಒಂದು ಟ್ಯೂಬ್ ಡಿಎನ್‌ಎ ಉಳಿದಿತ್ತು, ಸುಮ್ಮನೆ ಪರೀಕ್ಷೆ ಮಾಡಿದೆ — ಸುಮ್ಮನೆಯೇ, ಅವಳು ತನ್ನನ್ನೇ ಕೇಳಿಕೊಳ್ಳುತ್ತಾಳೆ, ಸುಮ್ಮನೆ ಯಾರಾದರೂ ಶುಕ್ರವಾರ ಸಂಜೆ ಪರೀಕ್ಷೆ ಮಾಡುತ್ತಾರೆಯೇ — ಸುಟ್ಟ ಜಾಗ ಸಿಕ್ಕಲ್ಲೆಲ್ಲ ಎಳೆಯನ್ನು ಕತ್ತರಿಸುವ ಕಿಣ್ವವೊಂದಿದೆ, ಅದನ್ನು ಬೆರೆಸಿ ಒಂದು ಗಂಟೆ ಇಟ್ಟರೆ ಸುಟ್ಟ ಡಿಎನ್‌ಎ ಚೂರುಚೂರಾಗಿ, ಚೂರುಗಳನ್ನು ಉದ್ದದ ಪ್ರಕಾರ ಬಿಡಿಸಿಡುವ ಜೆಲ್ಲಿನ ಮೇಲೆ ಉದ್ದಕ್ಕೂ ಮಸಿ ಬಳಿದ ಹಾಗೆ ಕಾಣಬೇಕು. ಕಂಡದ್ದು ಒಂದೇ ಗೆರೆ. ತೆಳ್ಳಗೆ, ನೆಟ್ಟಗೆ, ಅಂಗಡಿಯಿಂದ ತಂದ ಹೊಸ ದಾರದ ಹಾಗೆ. ಸುಟ್ಟೇ ಇಲ್ಲ. ನಾಲ್ಕು ವರ್ಷದ ಕೆಲಸದ ತೀರ್ಮಾನ ನಿಂತಿರುವುದು ಆ ಡಿಎನ್‌ಎ ಸುಟ್ಟಿದೆ ಎಂಬುದರ ಮೇಲೆ, ಅದು ಸುಟ್ಟೇ ಇಲ್ಲ. ಅವಳಿಗೆ ಆಗ ಅಳು ಬರಲಿಲ್ಲ, ಭಯವೂ ಆಗಲಿಲ್ಲ, ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಕಚ್ಚಿಕೊಂಡರೂ ಇನ್ಯಾರದೋ ತುಟಿ, ಹಾಗಿತ್ತು, ಜೆಲ್ಲಿನ ಫೋಟೊ ತೆಗೆದಳು, ದೀಪ ಆರಿಸಿದಳು, ಬಸ್ಸು ಹಿಡಿದಳು. ಶನಿವಾರ ಬಟ್ಟೆ ಒಗೆದಳು.

ಅಪ್ಪನಿಗೆ ಒಮ್ಮೆ ಎಲ್ಲ ಬಿಡಿಸಿ ಹೇಳಿದ್ದಳು, ಸಾಲುಗಳ ನಡುವೆ ಅವನ ಗಾಡಿಯ ಹಿಂದೆಯೇ ನಡೆಯುತ್ತಾ, ಜೀವಕೋಶದಲ್ಲಿ ಒಂದು ಯಂತ್ರ ಇದೆ ಅಪ್ಪ, ಪುಸ್ತಕದಲ್ಲಿ ಅದಕ್ಕೆ ಮಾರುದ್ದ ಹೆಸರು, ಲ್ಯಾಬಲ್ಲಿ ನಾವು ಲಿಪಿಕಾರ ಅಂತೀವಿ, ಡಿಎನ್‌ಎ ಎಳೆ ಮೇಲೆ ಒಂದೊಂದೇ ಅಕ್ಷರ ಓದ್ಕೊಂಡು ನಕಲು ತೆಗೀತಾ ಹೋಗ್ತಾನೆ, ಆ ನಕಲು ನೋಡೇ ಮೈಯಲ್ಲಿ ಎಲ್ಲ ಕೆಲಸ ನಡೆಯೋದು, ಬಿಸಿಲಿಗೆ ಸುಟ್ಟ ಕಡೆ ಎರಡು ಅಕ್ಷರ ಒಂದಕ್ಕೊಂದು ಅಂಟ್ಕೊಂಡಿರುತ್ತೆ, ಅಲ್ಲಿ ಅವನಿಗೆ ಓದೋಕ್ಕಾಗಲ್ಲ, ನಿಂತ್ಬಿಡ್ತಾನೆ. ಅಪ್ಪ ಟೊಮೆಟೊ ಗೊಂಚಲು ಕತ್ತರಿಸುತ್ತಾ ಕೇಳುತ್ತಿದ್ದ, ಅವನ ಗಾಡಿ ಓಡುತ್ತಿದ್ದದ್ದು ನೆಲದ ಮೇಲಿನ ಬಿಸಿನೀರಿನ ಕೊಳವೆಗಳ ಮೇಲೆ, ಅವೇ ಕಾವು, ಅವೇ ಹಳಿ. ನಮ್ಮ ಗಾಡಿ ಥರಾನೇ ಬಿಡು ಎಂದ, ಕೊಳವೆ ಸೊಟ್ಟಗಾದ ಕಡೆ ನಿಂತ್ಕೊಳ್ಳುತ್ತೆ, ಹಿಂದಿನ ಗಾಡೀನೂ ನಿಂತ್ಕೊಳ್ಳುತ್ತೆ, ಕೂಗಾಡಿದ ಮೇಲೆ ಯಾರೋ ಬಂದು ಕೊಳವೆ ನೆಟ್ಟಗೆ ಮಾಡ್ತಾರೆ. ಅದೇ ಅಪ್ಪ, ಅವನು ನಿಂತಿದ್ದು ನೋಡೇ ರಿಪೇರಿಯವರು ಬರೋದು. ನಿಲ್ಲದೇ ಹೋದ್ರೆ ಎಂದ ಅವನು. ನಿಲ್ಲದೇ ಹೋದ್ರೆ ಅಲ್ಲಿ ಸುಟ್ಟಿದೆ ಅಂತ ಯಾರಿಗೂ ಗೊತ್ತಾಗಲ್ಲ. ಅಪ್ಪ ಆಗ ತನ್ನ ತೋಳು ಮುಂದೆ ಚಾಚಿದ, ಬಿಳಿಚಿದ ತೋಳು, ನಲವತ್ತು ವರ್ಷ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲಿನಲ್ಲೇ ದುಡಿದ ತೋಳು ಮೊಸರಿನ ಬಣ್ಣ, ನನ್ನ ನೋಡು ಪುಟ್ಟಿ, ಗಾಜಿನ ಕೆಳಗೆ ಬಿಸಿಲಿಗೆ ಹಲ್ಲೇ ಇರಲ್ಲ. ಇದನ್ನು ಅವಳು ಯಾವ ಪಾಠದಲ್ಲೂ ಓದುವುದಕ್ಕೆ ಮೊದಲೇ, ಆರು ವರ್ಷದವಳಿದ್ದಾಗಲೇ ತಿಳಿದಿದ್ದಳು, ಗಾಜಿನ ಮನೆಯ ಮಕ್ಕಳಿಗೆಲ್ಲ ಗೊತ್ತಿರುವ ಸಂಗತಿ ಅದು. ಯಾಕೆ ಇದು ಈಗ ನೆನಪಾಯಿತು, ಬಸ್ಸು ಕಾಲುವೆ ದಾಟುತ್ತಿದೆ, ಇನ್ನು ಎರಡು ನಿಲ್ದಾಣ, ಎದುರಿನ ಹೆಂಗಸು ಚೀಲದಿಂದ ರೊಟ್ಟಿ ತೆಗೆದು ಒಳಗೇನಿದೆ ಎಂದು ಎತ್ತಿ ನೋಡಿ ಮತ್ತೆ ಮುಚ್ಚಿದಳು, ದಿನಾ ತಾನೇ ಹಾಕಿಕೊಂಡು ಬರುವುದು ಅದೇ ಚೀಸು.

ಹೋದ ವರ್ಷ ಒಂದೇ ದಿನ ತಯಾರಿಸಿದ್ದು ಆರು ಟ್ಯೂಬ್, ವರ್ಷಕ್ಕಾಗುವಷ್ಟು, ಅದರಿಂದಲೇ ಮೇರಲ್ ತನ್ನ ಪಿಎಚ್‌ಡಿಯ ನಾಲ್ಕನೆಯ ಅಧ್ಯಾಯ ಪೂರ್ತಿ ಮಾಡಿದ್ದು. ಮೇರಲ್ ಬಂದಾಗ ಇಪ್ಪತ್ನಾಲ್ಕರ ಹುಡುಗಿ, ಕತ್ತಲೆ ಕೋಣೆಯಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು, ಲೇಸರ್ ಬೆಳಕಿನ ಚಿಮಟದಲ್ಲಿ ಡಿಎನ್‌ಎಯ ಎರಡು ತುದಿ ಹಿಡಿದು ಎಳೆದು, ಒಬ್ಬನೇ ಒಬ್ಬ ಲಿಪಿಕಾರ ಅದರ ಮೇಲೆ ನಡೆಯುವುದನ್ನು ತೆರೆಯ ಮೇಲೆ ಗೆರೆಯಾಗಿ ನೋಡುತ್ತಾ, ಗೆರೆ ಏರುತ್ತದೆ, ನಿಲ್ಲುತ್ತದೆ, ಒಂದೆರಡು ಹೆಜ್ಜೆ ಹಿಂದೆ ಸರಿಯುತ್ತದೆ, ಮತ್ತೆ ಏರುತ್ತದೆ, ದಾಟಿದ ರೆನ್ಸ್ಕೆ, ದಾಟಿದ, ಸುಟ್ಟ ಜಾಗಾನ ದಾಟೇಬಿಟ್ಟ ಎಂದು ಮೇರಲ್ ಅವಳ ತೋಳು ಹಿಡಿದು ಅಲುಗಾಡಿಸಿದ್ದು, ಆ ತೋಳಿನಲ್ಲಿ ಏನೂ ಅನ್ನಿಸದೇ ಇದ್ದದ್ದು. ಲಿಪಿಕಾರ ಸುಮ್ಮಸುಮ್ಮನೆಯೂ ಆಗಾಗ ಹಾಗೆ ನಿಲ್ಲುತ್ತಾನೆ, ಯಾವ ಗಾಯವೂ ಇಲ್ಲದ ಎಳೆಯ ಮೇಲೂ, ಅದು ಅವನ ಜಾಯಮಾನ, ಅದನ್ನೇ ಅವರು ಗಾಯ ಎಂದು ಓದಿದರು. ಎಲ್ಲರಿಗೂ ಬೇಕಾದದ್ದೂ ಅದೇ, ಗಾಯವನ್ನು ದಾಟಿ ಹೋಗುವ ಲಿಪಿಕಾರ, ದೀದರಿಕ್ ಅದನ್ನು ಮೂರು ದೇಶಗಳಲ್ಲಿ ಹೇಳಿಕೊಂಡು ಬಂದ, ವಿಜ್ಞಾನ ಪತ್ರಿಕೆಯವರು ಲೇಖನ ಒಪ್ಪಿಕೊಂಡರು. ಹೋದ ಬೇಸಿಗೆಯಲ್ಲಿ ಮೇರಲ್ ತಾನೇ ಹೊಸ ಡಿಎನ್‌ಎ ಸುಟ್ಟು ತಂದಳು, ಐದು ವಾರ ಕೂತಳು, ಒಬ್ಬ ಲಿಪಿಕಾರನೂ ದಾಟಲಿಲ್ಲ, ಮೊದಲನೆಯ ಗಾಯಕ್ಕೇ ಕಲ್ಲಿನ ಹಾಗೆ ನಿಂತರು, ಒಬ್ಬೊಬ್ಬರೂ. ಕೈ ತೊಳೆಯುವ ಬೇಸಿನ್ನಿನ ಮುಂದೆ ಮೇರಲ್ ತನ್ನ ಎರಡು ಅಂಗೈ ನೋಡಿಕೊಳ್ಳುತ್ತಾ ನಿಂತಿದ್ದಳು. ನನ್ನ ಕೈ ಸರಿ ಇಲ್ಲ ಕಣೇ, ನಿನ್ನ ಡಿಎನ್‌ಎ ಕೆಲಸ ಮಾಡುತ್ತೆ, ನಂದು ಮಾಡಲ್ಲ, ನನ್ನ ಕೈಯೇ ಸರಿ ಇಲ್ಲ. ಆಗ ಹೇಳಬಹುದಿತ್ತು, ತಡಿ ಮೇರಲ್, ಎರಡನ್ನೂ ಪರೀಕ್ಷೆ ಮಾಡೋಣ ಎನ್ನಬಹುದಿತ್ತು, ಒಂದು ಗಂಟೆಯ ಕೆಲಸ. ಹಳೇದೇ ಬಳಸು, ಫ್ರೀಜರ್‌ನಲ್ಲಿ ಇನ್ನೂ ಎರಡಿದೆ ಎಂದಳು ರೆನ್ಸ್ಕೆ. ಮೇರಲ್ ಜನವರಿಯಿಂದ ಯಾವುದೋ ಕಚೇರಿ ಸೇರುತ್ತಿದ್ದಾಳೆ, ಬೇರೆಯವರು ಕಂಡುಹಿಡಿದದ್ದನ್ನು ಓದಿ ಠಸ್ಸೆ ಒತ್ತುವ ಕೆಲಸ, ಪ್ರಯೋಗ ನನಗೆ ಒಗ್ಗಲ್ಲ ಎಂದು ನಗುತ್ತಾ ಹೇಳಿಕೊಂಡು ತಿರುಗುತ್ತಾಳೆ. ಅವಳ ಕೈಗಳೇ ಸರಿಯಾಗಿದ್ದವು, ಇಡೀ ಲ್ಯಾಬಿನಲ್ಲಿ.

ಒಂಬತ್ತಕ್ಕೆ ಲ್ಯಾಬು, ಕೋಟು ಬಿಚ್ಚದೆ ನೇರ ಫ್ರೀಜರ್, ಟ್ಯೂಬ್ ಅಲ್ಲೇ ಇದೆ, ಮುಚ್ಚಳದ ಮೇಲೆ ಅವಳದೇ ಅಕ್ಷರ, ತಾರೀಕು, ಸುಟ್ಟದ್ದು ಎಂಬ ಗುರುತು. ಬೇರೆ ಏನೋ ಆಗಿರಬಹುದಲ್ಲ, ದೀಪವೇ ಆ ದಿನ ಮಂಕಾಗಿತ್ತೇನೋ — ನೇರಳಾತೀತ ದೀಪದ ಪೆಟ್ಟಿಗೆಗೆ ದಾರದಿಂದ ಕಟ್ಟಿದ ಪುಸ್ತಕ ಇದೆ, ಯಾಪ್ ಪ್ರತಿ ತಿಂಗಳ ಮೊದಲನೆಯ ದಿನ ದೀಪದ ಬಲ ಅಳೆದು ಬರೆಯುತ್ತಾನೆ, ಮೂವತ್ತೆಂಟು ವರ್ಷದಿಂದ ಲ್ಯಾಬಿನ ಉಪಕರಣಗಳನ್ನೆಲ್ಲ ನೋಡಿಕೊಳ್ಳುವವನು, ಅವನು ತಪ್ಪಿಸಿದ್ದಿಲ್ಲ, ಮಾರ್ಚ್ ಒಂದು, ದೀಪ ಸರಿ, ಏಪ್ರಿಲ್ ಒಂದು, ದೀಪ ಸರಿ. ಟ್ಯೂಬ್ ಅದಲುಬದಲಾಗಿತ್ತೇನೋ, ಆದರೆ ಆರೂ ಟ್ಯೂಬ್ ಒಂದೇ ಗುಣ ತೋರಿಸಿವೆ. ತನ್ನದೇ ನೋಟ್‌ಬುಕ್ ತೆರೆದಳು, ಮಣ್ಣು ಮಾಡಿದ ಮೇಲಿನ ಸೋಮವಾರ, ದುಂಡಗಿನ ಅಕ್ಷರ, ಒಂದು ಚಿತ್ತಿಲ್ಲ, ಡಿಎನ್‌ಎ ದ್ರಾವಣವನ್ನು ಬಿಸಿ ನೀರಿನಿಂದ ತೆಗೆದು ತಟ್ಟೆಗೆ ಸುರಿದದ್ದು ಸರಿ, ದೀಪ ಹತ್ತು ನಿಮಿಷ ಕಾಯಿಸಿದ್ದು ಸರಿ, ಅರವತ್ತು ಸೆಕೆಂಡ್ ಸರಿ, ಪರೀಕ್ಷೆ — ಹಿಂದಿನಂತೆ. ಹಿಂದಿನಂತೆ ಎಂದರೆ ಮಾಡಿಲ್ಲ ಎಂದು, ಅದು ಈ ಕಸುಬಿನವರಿಗೆಲ್ಲ ಗೊತ್ತಿರುವ ಸೋಮಾರಿ ಮಾತು. ಆ ಪುಟ ಬರೆದವಳು ಯಾರು, ಅವಳನ್ನು ಭೇಟಿಯಾದ ನೆನಪೇ ರೆನ್ಸ್ಕೆಗಿಲ್ಲ, ಆ ವಾರದ್ದು ಒಂದೂ ನೆನಪಿಲ್ಲ, ಚರ್ಚಿನಲ್ಲಿ ಹಾಡಿದ್ದು, ಮಣ್ಣು, ಹ್ಯಾಮ್ ಹಾಕಿದ ಬನ್ನುಗಳನ್ನು ಜನ ನಿಂತುಕೊಂಡೇ ತಿಂದದ್ದು, ಯಾವುದೂ, ಬರೀ ಆ ಹನಿಗಳು, ಒಳಮೈಗೆ ಅಂಟಿಕೊಂಡವು, ನೀಲಿ. ಟ್ಯೂಬನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಮಧ್ಯಾಹ್ನ ಕಸದ ಚೀಲಗಳೆಲ್ಲ ಹಬೆಯಲ್ಲಿ ಬೇಯಿಸುವ ಯಂತ್ರಕ್ಕೆ ಹೋಗುತ್ತವೆ, ಅದರಲ್ಲಿ ಎಸೆದರೆ ಮುಗಿಯಿತು, ಫೋಟೊ ಇರುವುದು ಅವಳ ಫೋನಿನಲ್ಲಿ ಮಾತ್ರ, ಒಂದು ಬೆರಳು ಸಾಕು. ಮುಂದೆ ಯಾರೋ ಎಲ್ಲೋ ಮಾಡಿ ನೋಡುತ್ತಾರೆ, ಅವರಿಗೆ ಬರುವುದಿಲ್ಲ, ಅವರೂ ತಮ್ಮ ಕೈ ನೋಡಿಕೊಳ್ಳುತ್ತಾರೆ, ಅಷ್ಟು ಹೊತ್ತಿಗೆ ಮೇರಲ್ ಪದವಿ ಪಡೆದಾಗಿರುತ್ತದೆ. ಡಿಸೆಂಬರ್ ಎರಡಕ್ಕೆ ಮೇರಲ್ ತನ್ನ ಪ್ರಬಂಧವನ್ನು ಸಮರ್ಥಿಸಬೇಕು, ಕಪ್ಪು ನಿಲುವಂಗಿಯ ಎಂಟು ಪ್ರೊಫೆಸರುಗಳ ಮುಂದೆ, ಮದುವಣಗಿತ್ತಿಯ ಪಕ್ಕದಲ್ಲಿ ಕಳಶಗಿತ್ತಿ ನಿಂತ ಹಾಗೆ ಇಬ್ಬರು ಗೆಳತಿಯರು ಅಕ್ಕಪಕ್ಕ ನಿಲ್ಲಬೇಕು, ಒಬ್ಬಳು ಮೇರಲ್‌ಳ ತಂಗಿ, ಇನ್ನೊಬ್ಬಳು ರೆನ್ಸ್ಕೆ. ಅದಕ್ಕೆಂದು ಕೊಂಡ ಕಪ್ಪು ಬೂಟು ಮನೆಯಲ್ಲಿ ಡಬ್ಬದಲ್ಲೇ ಇದೆ.

ಹತ್ತೂವರೆಗೆ ಕಾಫಿ ಕೋಣೆ, ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ, ಮೇರಲ್ ಕತ್ತರಿಯಿಂದ ಅಂಟುಪಟ್ಟಿ ಕೊಯ್ಯುತ್ತಿದ್ದಾಳೆ, ಮುದ್ರಣಾಲಯದಿಂದ ಬೆಳಿಗ್ಗೆಯಷ್ಟೇ ಬಂತಂತೆ, ನೂರೈವತ್ತು ಪುಸ್ತಕ, ಹೊಸ ಕಾಗದದ ವಾಸನೆ, ಪಕ್ಕದಲ್ಲಿ ಮೇರಲ್ಲೇ ತಂದ ಕೆನೆ ಕೇಕುಗಳು, ಮೇಲೆ ಗುಲಾಬಿ ಬಣ್ಣದ ಸಕ್ಕರೆ, ಶುಭ ಸಮಾಚಾರ ಯಾರದ್ದೋ ತಿಂಡಿಯ ಖರ್ಚೂ ಅವರದೇ, ಆ ಕೇಕನ್ನು ಮರ್ಯಾದೆಯಿಂದ ತಿಂದವರನ್ನು ಈ ದೇಶ ಇನ್ನೂ ಕಂಡಿಲ್ಲ, ಮೇಲಿಂದ ಕಚ್ಚಿದರೆ ಕೆನೆ ಪಕ್ಕಕ್ಕೆ ಬರುತ್ತದೆ, ಪಕ್ಕದಿಂದ ಕಚ್ಚಿದರೆ ಮೂಗಿಗೆ. ಯಾಪ್ ತನ್ನದನ್ನು ಮಗ್ಗುಲಾಗಿ ಮಲಗಿಸಿ ಚಮಚದಿಂದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾನೆ. ದೀದರಿಕ್ ಪುಸ್ತಕದೊಳಗಿಂದ ಬಿಡಿ ಚೀಟಿ ಎಳೆದ, ಪ್ರಬಂಧದ ಜೊತೆ ಇಡಲೇಬೇಕಾದ ಹತ್ತು ಹೇಳಿಕೆಗಳ ಚೀಟಿ, ಒಂಬತ್ತು ವಿಜ್ಞಾನ, ಹತ್ತನೆಯದು ತಮಾಷೆ, ಅವನು ಹತ್ತನೆಯದನ್ನೇ ಮೊದಲು ಓದಿದ, ಲ್ಯಾಬಿನ ಕೊನೆಯ ಬಿಸ್ಕತ್ತನ್ನು ಯಾರೂ ತಿನ್ನುವುದಿಲ್ಲ, ಆದರೂ ಅದು ಉಳಿಯುವುದಿಲ್ಲ, ಎಲ್ಲರೂ ಯಾಪ್‌ನ ಕಡೆ ನೋಡಿ ನಕ್ಕರು. ಮೂರನೆಯದನ್ನು ಓದಿದ, ಅವಸರ ಮಾಡದ ಲಿಪಿಕಾರ ಗಾಯವನ್ನು ದಾಟಬಲ್ಲ. ಇದಕ್ಕೇ ಬೀಳೋದು ನೋಡು ಎಲ್ಲಾ ಪ್ರಶ್ನೆ ಎಂದ ದೀದರಿಕ್, ಮೇರಲ್ ಎದೆಯ ಮೇಲೆ ಕೈಯಿಟ್ಟು ಅಯ್ಯೋ ಹೆದರಿಸಬೇಡ ಎಂದಳು, ಸಭೆಯ ಬೆಳ್ಳಿಕೋಲಿನವಳು ಸರಿಯಾಗಿ ಒಂದು ಗಂಟೆ ಆದ್ಮೇಲೆ ಬಂದು ಸಮಯ ಆಯ್ತು ಅಂತ ಕೋಲು ಕುಟ್ಟೋವರೆಗೆ ತಡ್ಕೊಂಡ್ರೆ ಸಾಕು ನಂಗೆ. ಮೊದಲ ಪ್ರತಿಯನ್ನು ರೆನ್ಸ್ಕೆಯ ಕೈಗೆ ಕೊಟ್ಟಳು, ಕೊನೆಯ ಪುಟ ನೋಡು, ಈಗಲೇ ನೋಡು. ಕೃತಜ್ಞತೆಯ ಪುಟ, ಅಪ್ಪ ಅಮ್ಮ ತಂಗಿ ಬೆಕ್ಕು ಎಲ್ಲ ಆದ ಮೇಲೆ ಒಂದು ಸಾಲು, ನನ್ನ ಒರಟು ಕೈಗಳನ್ನು ನಾಲ್ಕು ವರ್ಷ ಸಹಿಸಿಕೊಂಡ ರೆನ್ಸ್ಕೆಗೆ. ಅವಳು ಅದನ್ನು ಓದಿದಳು, ಮತ್ತೊಮ್ಮೆ ಓದಿದಳು, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡ ಹಾಗಾಗಿ ಒರಟು ಎಂಬಲ್ಲಿಂದ ಮುಂದೆ ಹೋಗಲಾಗಲಿಲ್ಲ, ಜೇಬಿನಲ್ಲಿ ಟ್ಯೂಬಿನ ಹಿಮ ಕರಗಿ ಬೆಚ್ಚಗಾಗಿದೆ.

ಒರಟು ಕೈಯಂತೆ ಎಂದ ಯಾಪ್, ಪುಸ್ತಕವನ್ನು ಅವಳ ಭುಜದ ಮೇಲಿಂದ ಓದಿ, ಅವಳದ್ದು ಒರಟಾದ್ರೆ ನಂದೇನು ಹೇಳ್ತೀರ, ನಾನು ಕೆಲಸಕ್ಕೆ ಸೇರಿದ ವರ್ಷ, ತಟ್ಟೆ ಮುಚ್ಚಳ ತೆಗೀದೇ ಎರಡು ತಿಂಗಳು ದೀಪ ಹಾಕಿದೀನಿ, ಪ್ಲಾಸ್ಟಿಕ್ ಅಷ್ಟೂ ಬೆಳಕು ನುಂಗ್ಕೊಂಡುಬಿಡುತ್ತೆ, ಒಂದು ಹುಳಾನೂ ಸಾಯಲಿಲ್ಲ, ಆಗಿನ ಪ್ರೊಫೆಸರು ಇದ್ಯಾವುದೋ ಹೊಸ ಜಾತಿ ಅಂತ ಹೆಸರಿಡೋಕೂ ರೆಡಿಯಾಗಿದ್ರು. ಎಲ್ಲರೂ ನಗುತ್ತಿದ್ದಾರೆ, ಮೇರಲ್‌ಳ ಗಲ್ಲಕ್ಕೆ ಕೆನೆ ಹತ್ತಿದೆ, ರೆನ್ಸ್ಕೆಯೂ ನಗಬೇಕು, ತುಟಿ ಅಲುಗಿತು, ಮುಚ್ಚಳ, ಪ್ಲಾಸ್ಟಿಕ್ ತಟ್ಟೆಯ ಮುಚ್ಚಳ, ಗಾಜಿನ ಕೆಳಗೆ ಬಿಸಿಲಿಗೆ ಹಲ್ಲಿರಲ್ಲ ಪುಟ್ಟಿ, ಬಿಸಿ ನೀರಿನಿಂದ ತೆಗೆದು ತಟ್ಟೆಗೆ ಸುರಿದದ್ದು ಸರಿ, ಧೂಳು ಬೀಳದಿರಲೆಂದು ಮುಚ್ಚಿದ್ದು, ಬೆಚ್ಚಗಿನ ನೀರಿನ ಮೇಲೆ ತಣ್ಣನೆಯ ಮುಚ್ಚಳ, ಒಳಮೈಗೆ ಮಂಜು ಕಟ್ಟಿದ್ದು, ಪೆಟ್ಟಿಗೆಯೊಳಗೆ ಇಟ್ಟದ್ದು, ದೀಪ ಹಾಕಿದ್ದು, ಆಗಲೇ ಫೋನು, ಅಮ್ಮ. ಅಮ್ಮ ಅಳುತ್ತಿರಲಿಲ್ಲ, ಅಂಗಡಿಯಲ್ಲಿ ಕೇಳಿದ ಹಾಗೆ ಕೇಳಿದಳು, ರೆನ್ಸ್, ಅಪ್ಪನ ಬೂಟು ಹಿತ್ತಲಲ್ಲೇ ಇವೆ, ಏನ್ ಮಾಡ್ಲಿ, ಯಾರಿಗಾದ್ರೂ ಕೊಡ್ಲಾ. ಇರಲಿ ಬಿಡಮ್ಮ ಎಂದಳು ಇವಳು, ಫೋನು ಕಿವಿಗೊತ್ತಿಕೊಂಡು, ಹಣೆಯನ್ನು ಪೆಟ್ಟಿಗೆಯ ಪುಟ್ಟ ಕಿಟಕಿಗೆ ಆನಿಸಿಕೊಂಡು, ಇರಲಿ ಬಿಡು, ಎತ್ತಬೇಡ, ಒಳಗೆ ದೀಪ ನೀಲಿಯಾಗಿ ಉರಿಯುತ್ತಿತ್ತು, ಅವಳು ನೋಡುತ್ತಲೇ ಇದ್ದಳು, ಅರವತ್ತು ಸೆಕೆಂಡ್, ಹನಿಗಳು, ಸಣ್ಣವು, ಒಳಮೈಗೆ ಒತ್ತೊತ್ತಾಗಿ ಅಂಟಿಕೊಂಡವು, ಪ್ರತಿಯೊಂದರ ಅಂಚಿನಲ್ಲೂ ಒಂದು ಚೂರು ನೀಲಿ. ಅಪ್ಪನ ಗಾಜಿನ ಮನೆಯವಲ್ಲ. ಇಪ್ಪತ್ತು ತಿಂಗಳಿಂದ ಅಪ್ಪ ಎಂದುಕೊಂಡು ಅವಳು ನೋಡುತ್ತಿದ್ದದ್ದು ಇದನ್ನು.

ರೆನ್ಸ್ಕೆ, ಜೊತೆಗೆ ನಿಲ್ಲೋಳು ನೀನು, ಎರಡು ಮಾತಾಡು ಎಂದು ದೀದರಿಕ್ ಚಮಚದಿಂದ ಲೋಟ ತಟ್ಟುತ್ತಿದ್ದಾನೆ, ಟಿಣ್ ಟಿಣ್, ಏಳು ಮುಖಗಳು ಇವಳ ಕಡೆ ತಿರುಗಿದವು, ಎಲ್ಲರ ಕೈಯಲ್ಲೂ ತಟ್ಟೆ. ಜೇಬಿನೊಳಗೆ ಕೈ, ಕೈಯೊಳಗೆ ಟ್ಯೂಬ್, ಮಧ್ಯಾಹ್ನದ ಕಸದ ಚೀಲ ಇನ್ನೂ ಬಾಗಿಲ ಹೊರಗೇ ಇದೆ, ಮೇರಲ್ ನಗುಮುಖ ಮಾಡಿ ಕಾಯುತ್ತಿದ್ದಾಳೆ, ಅಂಗೈಗಳನ್ನು ಒಂದರೊಳಗೊಂದು ಇಟ್ಟುಕೊಂಡು, ಆ ಕೈಗಳು, ಐದು ವಾರ ಕತ್ತಲೆಯಲ್ಲಿ ಕೂತು ನಿಜವನ್ನೇ ತೋರಿಸಿದ ಕೈಗಳು. ರೆನ್ಸ್ಕೆಗೆ ತನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸಿತು, ಮೇರಲ್, ನಿನ್ನ ಕೈ ಸರಿಯಾಗೇ ಇದೆ. ಯಾರೋ ನಕ್ಕರು, ಭಾಷಣದ ಆರಂಭ ಎಂದುಕೊಂಡು. ಟ್ಯೂಬನ್ನು ಮೇಜಿನ ಮೇಲೆ, ಗುಲಾಬಿ ಸಕ್ಕರೆಯ ಚೂರುಗಳ ನಡುವೆ ಇಟ್ಟಳು, ಬೇಸಿಗೆಯಲ್ಲಿ ನೀನು ಮಾಡಿದ್ದೇ ಸರಿ, ಲಿಪಿಕಾರ ದಾಟಲ್ಲ, ನಿಂತ್ಕೋತಾನೆ. ನಾನು ಕೊಟ್ಟ ಡಿಎನ್‌ಎ ಸುಟ್ಟೇ ಇರಲಿಲ್ಲ. ಶುಕ್ರವಾರ ಪರೀಕ್ಷೆ ಮಾಡಿದೆ. ದೀದರಿಕ್‌ನ ಚಮಚ ಲೋಟಕ್ಕೆ ತಾಗಿಕೊಂಡೇ ನಿಂತಿದೆ, ಯಾಪ್ ತಟ್ಟೆ ಕೆಳಗಿಟ್ಟ, ಮೇರಲ್ ಪುಸ್ತಕದ ಪೆಟ್ಟಿಗೆಯ ಕಡೆ ನೋಡಿದಳು, ನೂರೈವತ್ತು ಪುಸ್ತಕ, ಮತ್ತೆ ರೆನ್ಸ್ಕೆಯ ಕಡೆ, ಕೆನೆ ಹತ್ತಿದ ಗಲ್ಲ, ನೀನು ಬೇಸಿಗೆಯಲ್ಲೇ ಯಾಕೆ ಪರೀಕ್ಷೆ ಮಾಡಲಿಲ್ಲ ಎಂದು ಈಗ ಕೇಳುತ್ತಾಳೆ ಅನ್ನಿಸುತ್ತದೆ, ಕೇಳಲ್ಲ, ಸಣ್ಣ ದನಿಯಲ್ಲಿ ಬೇರೆಯದೇ ಕೇಳುತ್ತಾಳೆ, ಹೇಗಾಯ್ತು. ಹೇಗಾಯ್ತು ರೆನ್ಸ್ಕೆ. ಮುಚ್ಚಳ ತೆಗೆದಿರಲಿಲ್ಲ ಎಂದಳು ಅವಳು. ನೆನಪಿದೆಯಾ ನಿಂಗೆ. ನೆನಪಿದೆ, ಅಮ್ಮ ಫೋನ್ ಮಾಡಿದ್ಲು, ನಾನು ನೋಡ್ತಾನೇ ಇದ್ದೆ, ಎದುರಿಗೇ ಇತ್ತು, ನೋಡ್ತಾನೇ — ತುಟಿ ಸುಡುತ್ತಿದೆ, ಅವಳದೇ ತುಟಿ, ಕೆನ್ನೆಯ ಮೇಲೆ ಬಿಸಿಯಾದದ್ದೇನೋ ಇಳಿಯುತ್ತಿದೆ, ಮೇರಲ್ ಎದ್ದು ಬರುತ್ತಿದ್ದಾಳೋ ಹೊರಗೆ ಹೋಗುತ್ತಿದ್ದಾಳೋ ತಿಳಿಯುವುದಿಲ್ಲ, ಕುರ್ಚಿ ಸರಿದ ಸದ್ದು, ಅಮ್ಮ ಇನ್ನೂ ಫೋನಿನಲ್ಲಿ ಕಾಯುತ್ತಿದ್ದಾಳೆ, ಮರದ ಬೂಟುಗಳ ಮೂತಿ ಗೋಡೆಗೆ, ದೀಪ ಉರಿಯುತ್ತಿದೆ, ಮುಚ್ಚಳದ ಒಳಮೈ, ಸಣ್ಣ ಹನಿಗಳು, ಒಂದು ಹನಿ ಇನ್ನೊಂದನ್ನು ಮುಟ್ಟಿ ದಪ್ಪಗಾಗಿ ಅಂಚಿನವರೆಗೆ ಬಂದಿದೆ, ಅಂಚಿನಲ್ಲಿ ನೀಲಿ, ಅಲ್ಲೇ ನಿಂತಿದೆ, ಬೀಳುತ್ತಿಲ್ಲ, ನೀಲಿ, ನಿಂತಿದೆ